ನೀರುಗಂಟಿಯ ಸಂಬಳ ಯಾವ ಬಾಬ್ತಿನಲ್ಲಿ?

ಗ್ರಾಮ ಪಂಚಾಯ್ತಿ ಅಂದ ಕೂಡಲೇ ನಮ್ಮಲ್ಲಿ ಎರಡು ಥರದ ಮಾತು ಶುರುವಾಗುತ್ತೆ. ಒಂದು, "ಅಲ್ಲೇನಿದೆ ಬಿಡ್ರೀ, ಬರೀ ಬಿಲ್ ಮಾಡ್ಕೊಂಡು ತಿನ್ನೋದು" ಅನ್ನೋದು. ಇನ್ನೊಂದು ಗಾಂಧೀಜಿ ಫೋಟೋಗೆ ಹಾರ ಹಾಕಿ ಶುರುವಾಗಿ ಗ್ರಾಮ ಸ್ವರಾಜ್ಯದಲ್ಲಿ ಮುಗಿಯುವ ಭಾಷಣ. ಎರಡನ್ನೂ ಕೇಳಿ ಕೇಳಿ ಸಾಕಾಗಿದೆ. ನನಗೆ ಬರೀಬೇಕು ಅನ್ನಿಸಿರೋದು ಇವೆರಡರ ಮಧ್ಯೆ ಯಾರ ಕಣ್ಣಿಗೂ ಬೀಳದೆ ಓಡಾಡುವ ಒಬ್ಬನ ಬಗ್ಗೆ. ನೀರುಗಂಟಿ ಬಗ್ಗೆ.

ಬೆಂಗಳೂರಲ್ಲೇ ಹುಟ್ಟಿ ಬೆಳೆದವರಿಗೆ ಈ ಪದ ಗೊತ್ತಿರಲಿಕ್ಕಿಲ್ಲ. ಹಿಂದೆ ಕೆರೆ ಕೆಳಗಿನ ಗದ್ದೆಗಳಿಗೆ ನೀರು ಹಂಚುತ್ತಿದ್ದವನಿಗೆ ನೀರುಗಂಟಿ ಅನ್ನೋರು. ತೂಬು ಎತ್ತುವುದು, ಇಳಿಸುವುದು, ಯಾರ ಗದ್ದೆಗೆ ಎಷ್ಟು ಹೊತ್ತು ಅಂತ ಲೆಕ್ಕ ಇಟ್ಟು ಕಾಲುವೆಗೆ ಮಣ್ಣು ಹಾಕುವುದು, ತೆಗೆಯುವುದು ಎಲ್ಲ ಅವನದೇ. ಸುಗ್ಗಿಯಲ್ಲಿ ರೈತರು ಅವನಿಗೆ ಕಾಳಿನಲ್ಲಿ ಪಾಲು ಕೊಡುತ್ತಿದ್ದರು. ಬಯಲುಸೀಮೆಯ ಬಹಳಷ್ಟು ಊರುಗಳಲ್ಲಿ ಈ ಕೆಲಸ ದಲಿತ ಕುಟುಂಬಗಳದ್ದು. ತನಗೆ ಗದ್ದೆ ಇಲ್ಲ, ಆದರೆ ಎಲ್ಲರ ಗದ್ದೆಯ ನೀರಿನ ನ್ಯಾಯ ಅವನ ಕೈಲಿ. ವಿಚಿತ್ರ ಅಲ್ವಾ?

ಕೆರೆಗಳು ಬತ್ತಿದವು, ಬೋರ್‌ವೆಲ್ ಬಂತು, ಮನೆ ಮುಂದೆ ನಲ್ಲಿ ಬಂತು. ಹೆಸರು ಮಾತ್ರ ಹಾಗೇ ಉಳಿದುಕೊಂಡಿದೆ. ಕಾಗದದಲ್ಲಿ ಅವನು ವಾಟರ್‌ಮ್ಯಾನ್, ಪಂಪ್ ಆಪರೇಟರ್ ಏನೇನೋ. ಊರಲ್ಲಿ ಮಾತ್ರ ನೀರುಗಂಟಿಯೇ.

ನಮ್ಮೂರು ತುಮಕೂರು ಜಿಲ್ಲೆಯ ಬಯಲಿನಲ್ಲಿದೆ. ಹೆಸರು ಬೇಡ ಬಿಡಿ, ಸುಮ್ಮನೆ ಯಾರಿಗೋ ಬೇಜಾರು. ನಮ್ಮೂರ ನೀರುಗಂಟಿ ವಯಸ್ಸಲ್ಲಿ ನನಗಿಂತ ಹಿರಿಯ, ಎಲ್ಲರೂ ಅಣ್ಣ ಅಂತಲೇ ಕರೆಯೋದು. ತ್ರೀ ಫೇಸ್ ಕರೆಂಟ್ ಯಾವಾಗ ಬರುತ್ತೋ ಆಗ ಅವನ ಬೆಳಗು. ರಾತ್ರಿ ಎರಡಕ್ಕೆ ಬಂದರೆ ಎರಡಕ್ಕೆ, ನಾಲ್ಕಕ್ಕೆ ಬಂದರೆ ನಾಲ್ಕಕ್ಕೆ. ಬ್ಯಾಟರಿ ಹಿಡಕೊಂಡು ಹೋಗಿ ಪ್ಯಾನಲ್ ಬೋರ್ಡಿನಲ್ಲಿ ಮೋಟ್ರು ಹಾಕಬೇಕು. ಟ್ಯಾಂಕ್ ತುಂಬಿತಾ ನೋಡಬೇಕು. ಬೆಳಿಗ್ಗೆ ಉದ್ದನೆ ಕಬ್ಬಿಣದ ಸರಳು ಹಿಡಿದು ಒಂದೊಂದೇ ಬೀದಿಯ ವಾಲ್ವ್ ತಿರುಗಿಸಬೇಕು. ಮೇಲಿನ ಕೇರಿಗೆ ಅರ್ಧ ಗಂಟೆ, ಕೆಳಗಿನ ಕೇರಿಗೆ ಅರ್ಧ ಗಂಟೆ. ಮೇಲಿನವರು "ಏನಣ್ಣ, ಇವತ್ತು ಹತ್ತು ನಿಮಿಷಕ್ಕೇ ನಿಲ್ಲಿಸಿಬಿಟ್ಟೆ?" ಅಂತಾರೆ. ಕೆಳಗಿನವರು "ಅವರಿಗೆ ಬಿಟ್ಟಷ್ಟು ನಮಗೆ ಬಿಡಕ್ಕೇನು ಕಷ್ಟ?" ಅಂತಾರೆ. ಮಧ್ಯೆ ಯಾರೋ ನಲ್ಲಿಗೇ ನೇರ ಮೋಟ್ರು ಕೂರಿಸಿ ಸಂಪಿಗೆ ಎಳೆದುಕೊಂಡಿರುತ್ತಾರೆ. ಅವರನ್ನು ಕೇಳುವ ಧೈರ್ಯ ಇವನಿಗಿಲ್ಲ, ಯಾಕಂದರೆ ಅವರು ಹೆಚ್ಚಾಗಿ ಸದಸ್ಯರ ಕಡೆಯವರೇ ಆಗಿರುತ್ತಾರೆ.

ಇನ್ನು ವಾರಕ್ಕೊಮ್ಮೆ ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್. ಪೈಪ್ ಒಡೆದರೆ ಗುಂಡಿ ತೋಡಿ ಸೈಕಲ್ ಟ್ಯೂಬ್ ಸುತ್ತಿ ಕಟ್ಟುವುದು. ಇದು ಯಾವ ಎಂಜಿನಿಯರಿಂಗ್ ಪುಸ್ತಕದಲ್ಲೂ ಇಲ್ಲದ ತಂತ್ರಜ್ಞಾನ, ಆದರೆ ಕರ್ನಾಟಕದ ಅರ್ಧ ಹಳ್ಳಿಗಳ ನೀರು ನಿಂತಿರೋದು ಸೈಕಲ್ ಟ್ಯೂಬಿನ ಮೇಲೆ ಅಂತ ನನ್ನ ಗುಮಾನಿ.

ಇಂಥ ಮನುಷ್ಯನಿಗೆ ಸಂಬಳ ಯಾವ ಬಾಬ್ತಿನಿಂದ ಬರುತ್ತೆ? ನನ್ನ ಪ್ರಶ್ನೆ ಇಷ್ಟೇ. ಆದರೆ ಈ ಸಣ್ಣ ಪ್ರಶ್ನೆಯ ಬಾಲ ಹಿಡಿದು ಹೋದರೆ ನಮ್ಮ ಸ್ಥಳೀಯ ಆಡಳಿತದ ಪೂರ್ತಿ ಜಾತಕ ಸಿಗುತ್ತೆ.

ಪಂಚಾಯ್ತಿಗೆ ಬರುವ ದುಡ್ಡಿನಲ್ಲಿ ದೊಡ್ಡ ಪಾಲು ಮೇಲಿಂದಲೇ ಬರೋದು, ಬರುವಾಗಲೇ ಚೀಟಿ ಅಂಟಿಸಿಕೊಂಡು ಬರುತ್ತೆ. 15ನೇ ಹಣಕಾಸು ಆಯೋಗದ ಅನುದಾನವನ್ನೇ ನೋಡಿ. 2021-22ರಿಂದ 2025-26ರವರೆಗಿನ ಐದು ವರ್ಷ ಅದರಲ್ಲಿ ಶೇಕಡಾ 60ರಷ್ಟು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಾಗಿತ್ತು. ಕೇಳಲಿಕ್ಕೆ ಎಷ್ಟು ಚೆನ್ನಾಗಿದೆ! ಉಳಿದ 40 ಊರಿಗೆ ಬೇಕಾದ್ದಕ್ಕೆ ಬಳಸಬಹುದು, ಆದರೆ ಸಂಬಳಕ್ಕೆ, ಕಚೇರಿ ಖರ್ಚಿಗೆ ಬಳಸುವಂತಿಲ್ಲ ಅಂತ ಷರತ್ತು. ಈ ಷರತ್ತು ಯಾಕಿಟ್ಟರು ಅನ್ನೋದು ಅರ್ಥವಾಗುತ್ತೆ. ಇಲ್ಲದಿದ್ದರೆ ಎಲ್ಲಾ ದುಡ್ಡೂ ಸಂಬಳಕ್ಕೇ ಹೋಗಿ ಊರಿಗೆ ಏನೂ ಆಗಲ್ಲ ಅನ್ನೋ ಭಯ. ಆ ಭಯ ಸುಳ್ಳಲ್ಲ. ಆದರೆ ಪರಿಣಾಮ ನೋಡಿ: ನೀರಿಗೆ ಅಂತ ಬಂದ ದುಡ್ಡಿನಲ್ಲಿ ಪೈಪ್ ತರಬಹುದು, ಮೋಟ್ರು ತರಬಹುದು. ಆ ಮೋಟ್ರಿನ ಸ್ವಿಚ್ ಒತ್ತುವವನ ಸಂಬಳಕ್ಕೆ ಬೇರೆ ಕಡೆ ನೋಡಬೇಕು.

ಬೇರೆ ಕಡೆ ಅಂದರೆ? ಜಿಲ್ಲಾ ಪಂಚಾಯ್ತಿಯಿಂದ ಅನುಮೋದನೆ ಸಿಕ್ಕಿದ ಸಿಬ್ಬಂದಿಗೆ ರಾಜ್ಯ ಸರ್ಕಾರದ ದುಡ್ಡಿನಲ್ಲಿ ಸಂಬಳ. ಅನುಮೋದನೆ ಸಿಗದೇ ವರ್ಷಗಟ್ಟಲೆ ದುಡಿಯುತ್ತಿರುವವರಿಗೆ ಪಂಚಾಯ್ತಿಯ ಸ್ವಂತ ತೆರಿಗೆಯಿಂದ. ಅಂದರೆ ಬಿಲ್ ಕಲೆಕ್ಟರ್ ಮನೆಮನೆ ತಿರುಗಿ ವಸೂಲಿ ಮಾಡಿದರೆ ಉಂಟು, ಇಲ್ಲದಿದ್ದರೆ ಇಲ್ಲ. "ಅಣ್ಣ, ಸಂಬಳ ಆಯ್ತಾ?" ಅಂತ ಕೇಳಿದರೆ ನಮ್ಮ ನೀರುಗಂಟಿ ನಗುತ್ತಾನೆ. "ಯಾವ ತಿಂಗ್ಳುದ್ದು ಕೇಳ್ತಿದ್ದೀಯಪ್ಪಾ?" ಅಂತಾನೆ.

ಸರಿ, ಈಗ ಇನ್ನೊಂದು ಲೆಕ್ಕ ಮಾಡೋಣ. ಸ್ವಲ್ಪ ಬೋರ್ ಹೊಡೆಯಬಹುದು, ತಡಕೊಳ್ಳಿ. 300 ಮನೆಗಳ ಒಂದು ಊರು ಅಂದುಕೊಳ್ಳಿ. ತಿಂಗಳಿಗೆ ಮನೆಗೆ 50 ರೂಪಾಯಿ ನೀರಿನ ಕಂದಾಯ. ಎಲ್ಲರೂ ಕಟ್ಟಿದರೆ 15,000. ಒಂದು 7.5 ಎಚ್‌ಪಿ ಮೋಟ್ರು ದಿನಕ್ಕೆ ಎಂಟು ಗಂಟೆ ಓಡಿದರೆ ತಿಂಗಳಿಗೆ ಸುಮಾರು 1,340 ಯೂನಿಟ್ ಕರೆಂಟು. ಯೂನಿಟ್ಟಿಗೆ ಐದೇ ರೂಪಾಯಿ ಅಂತ ಇಟ್ಟುಕೊಂಡರೂ 6,700. ಉಳಿದದ್ದು 8,300. ಇದರಲ್ಲಿ ನೀರುಗಂಟಿ ಸಂಬಳ, ಬ್ಲೀಚಿಂಗ್ ಪೌಡರ್, ವಾಲ್ವ್, ಪೈಪು, ಮತ್ತೆ ಯಾವತ್ತೋ ಒಂದು ದಿನ ಮೋಟ್ರು ಸುಟ್ಟರೆ ವೈಂಡಿಂಗು. ಇದು ಎಲ್ಲರೂ ಕಟ್ಟಿದರೆ. ಅರ್ಧ ಜನ ಮಾತ್ರ ಕಟ್ಟಿದರೆ ಬರೋದು 7,500, ಕರೆಂಟಿಗೆ ಕೊಟ್ಟು ಉಳಿಯೋದು 800 ರೂಪಾಯಿ. ಎಂಟು ನೂರು! ಅದರಲ್ಲಿ ಒಂದು ಊರಿನ ನೀರು ನಡೆಸಿ ಅಂತ ನಾವು ಪಂಚಾಯ್ತಿಗೆ ಹೇಳ್ತಿದ್ದೀವಿ. ನಡೆಯದೇ ಇದ್ದಾಗ "ಕಳ್ಳರು" ಅಂತೀವಿ. ಕಳ್ಳರಿಲ್ಲ ಅಂತ ನಾನು ಹೇಳ್ತಿಲ್ಲ ಮತ್ತೆ. ಕಳ್ಳರಿಲ್ಲದಿದ್ದರೂ ಈ ಲೆಕ್ಕ ಕೂಡಲ್ಲ ಅಂತ ಹೇಳ್ತಿದ್ದೀನಿ.

ಈ ಪರಿಸ್ಥಿತಿಯ ಮೇಲೆ ಬಂದು ಕೂತದ್ದು ಜಲ ಜೀವನ ಮಿಷನ್. 2019ರ ಆಗಸ್ಟ್ 15ರಂದು ಘೋಷಣೆ ಆಯಿತು. 2024ರೊಳಗೆ ದೇಶದ ಪ್ರತಿ ಹಳ್ಳಿ ಮನೆಗೂ ನಲ್ಲಿ, ಒಬ್ಬೊಬ್ಬರಿಗೆ ದಿನಕ್ಕೆ 55 ಲೀಟರ್ ನೀರು ಅಂತ. ನಮ್ಮ ರಾಜ್ಯದಲ್ಲಿ 'ಮನೆ ಮನೆಗೆ ಗಂಗೆ' ಅಂತ ಹೆಸರಿಟ್ಟರು. ಆಮೇಲೆ 2025ರ ಬಜೆಟ್ಟಿನಲ್ಲಿ ಗಡುವನ್ನು 2028ಕ್ಕೆ ಮುಂದೂಡಿದರು. ಯೋಜನೆಯ ಉದ್ದೇಶದ ಬಗ್ಗೆ ನನಗೆ ತಕರಾರಿಲ್ಲ. ಮೈಲಿಗಟ್ಟಲೆ ಬಿಂದಿಗೆ ಹೊತ್ತವರ ಮನೆಯಲ್ಲಿ ಬೆಳೆದವನು ನಾನು, ನಲ್ಲಿ ಬೇಡ ಅಂತ ಹೇಗೆ ಹೇಳಲಿ? ಆದರೆ ನಮ್ಮೂರಲ್ಲಿ ಆದದ್ದೇನು ಅಂದರೆ, ಎರಡು ವರ್ಷದ ಹಿಂದಷ್ಟೇ ಹಾಕಿದ್ದ ಕಾಂಕ್ರೀಟ್ ರಸ್ತೆಯನ್ನು ಮಧ್ಯಕ್ಕೆ ಸೀಳಿದರು. ನೀಲಿ ಪೈಪ್ ಹೂತರು. ಮನೆ ಮುಂದೆ ಒಂದೊಂದು ಕಟ್ಟೆ, ಕಟ್ಟೆಗೊಂದು ನಲ್ಲಿ, ಮೀಟರ್ ಕೂಡ. ಸೀಳಿದ ಜಾಗಕ್ಕೆ ಮಣ್ಣು ಮುಚ್ಚಿ ಹೋದರು. ಫೋಟೋ ಹಿಡಿದುಕೊಂಡು ಹೋದರು.

ನೀರು? ನೀರು ಅದೇ ಹಳೇ ಬೋರಿನದು.

300 ಮನೆ, ಮನೆಗೆ ಐದು ಜನ, ತಲೆಗೆ 55 ಲೀಟರ್ ಅಂದರೆ ದಿನಕ್ಕೆ 82,500 ಲೀಟರ್ ಬೇಕು. ಎಂಟು ಗಂಟೆ ಕರೆಂಟಿನಲ್ಲಿ ಅಷ್ಟು ಎತ್ತಬೇಕು ಅಂದರೆ ಗಂಟೆಗೆ ಹತ್ತು ಸಾವಿರ ಲೀಟರ್‌ಗೂ ಮೀರಿ ಬರಬೇಕು. ನಮ್ಮ ಕಡೆ ಏಪ್ರಿಲ್ ತಿಂಗಳಲ್ಲಿ ಅಂಥ ಒಂದು ಬೋರು ತೋರಿಸಿ, ನಾನೇ ಪೂಜೆ ಮಾಡಿಸ್ತೀನಿ. ಮೊದಲು ಊರಿಗೆ ನಾಲ್ಕು ತೊಂಬೆ ಇತ್ತು. ಇದ್ದ ನೀರನ್ನು ನಾಲ್ಕು ಕಡೆ ಹಂಚುವುದು ಸುಲಭ. ಈಗ 300 ನಲ್ಲಿ. ನೀರು ಅಷ್ಟೇ, ವಾಲ್ವ್ ಜಾಸ್ತಿ, ಜಗಳ ಜಾಸ್ತಿ, ನೀರುಗಂಟಿ ಮಾತ್ರ ಒಬ್ಬನೇ. ಇಷ್ಟೆಲ್ಲ ಕೋಟಿಗಳ ಯೋಜನೆಯಲ್ಲಿ ನಡೆಸುವ ಖರ್ಚು ಬಳಕೆದಾರರಿಂದ ವಸೂಲಿ ಮಾಡಿಕೊಳ್ಳಿ ಅಂತ ಒಂದು ಮಾತಿದೆ. ವಸೂಲಿಯ ಕಥೆ ಆಗಲೇ ಹೇಳಿದೆನಲ್ಲ.

ಶುದ್ಧ ನೀರಿನ ಘಟಕಗಳ ಕಥೆಯೂ ಬೇರೆ ಅಲ್ಲ. ನಮ್ಮ ಜಿಲ್ಲೆಯ ಪಾವಗಡ ಕಡೆ, ಕೋಲಾರ, ಚಿಕ್ಕಬಳ್ಳಾಪುರ, ಚಿತ್ರದುರ್ಗದ ಎಷ್ಟೋ ಬೋರುಗಳಲ್ಲಿ ಫ್ಲೋರೈಡ್ ಜಾಸ್ತಿ. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಅಂತ ಮಿತಿ. ದಾಟಿದ್ದನ್ನು ವರ್ಷಗಟ್ಟಲೆ ಕುಡಿದರೆ ಹಲ್ಲು ಕಂದಾಗುತ್ತೆ, ಮೂಳೆ ಬಾಗುತ್ತೆ. ಹಾಗಾಗಿ ಕಾಯಿನ್ ಹಾಕಿದರೆ ಬಿಂದಿಗೆ ತುಂಬುವ ಘಟಕಗಳು ಬಂದವು. ಒಳ್ಳೇದೇ ಆಯ್ತು. ಕಂಟ್ರಾಕ್ಟರ್ ನೋಡಿಕೊಳ್ಳುವ ಅವಧಿ ಮುಗಿಯುವವರೆಗೆ ನಡೆದವು. ಆಮೇಲೆ ಫಿಲ್ಟರ್ ಬದಲಾಯಿಸುವವರು ಯಾರು? ಪಂಚಾಯ್ತಿ. ದುಡ್ಡು? ಮತ್ತೆ ಅದೇ ಎಂಟು ನೂರು ರೂಪಾಯಿ. ಬೀಗ ಬಿದ್ದ ಘಟಕದ ಗೋಡೆಯ ಮೇಲೆ ಉದ್ಘಾಟನೆ ಮಾಡಿದವರ ಹೆಸರು ಮಾತ್ರ ಇವತ್ತೂ ಹೊಳೀತಿರುತ್ತೆ, ಆ ಬಣ್ಣ ಯಾವ ಕಂಪನಿಯದೋ ಕೇಳಬೇಕು.

ಹೊಸದು ಕಟ್ಟಿದರೆ ಗುದ್ದಲಿ ಪೂಜೆ ಉಂಟು. ಎಸ್ಟಿಮೇಟ್ ಉಂಟು, ಬಿಲ್ ಉಂಟು, ಕಲ್ಲಿನ ಮೇಲೆ ಹೆಸರುಂಟು. ಇದ್ದದ್ದನ್ನು ಕೆಡದಂತೆ ನೋಡಿಕೊಂಡರೆ ಯಾವ ಎಂಎಲ್ಎ ಬಂದು ಟೇಪ್ ಕತ್ತರಿಸ್ತಾರೆ? "ಈ ವಾಲ್ವ್‌ಗೆ ಹತ್ತು ವರ್ಷದಿಂದ ಸರಿಯಾಗಿ ಗ್ರೀಸ್ ಹಾಕಲಾಗಿದೆ" ಅಂತ ಕಲ್ಲು ನೆಟ್ಟದ್ದನ್ನು ನಾನಂತೂ ನೋಡಿಲ್ಲ.

ಇದಕ್ಕೆ ಅಧಿಕಾರಿಗಳನ್ನು, ರಾಜಕಾರಣಿಗಳನ್ನು ಬೈದು ಮುಗಿಸಿಬಿಡಬಹುದಿತ್ತು. ಆದರೆ ಗ್ರಾಮಸಭೆಗಳಲ್ಲಿ ನಾನು ಕಂಡದ್ದು ಬೇರೆ. ಜನ ಏಳುತ್ತಾರೆ, ಒಬ್ಬರಾದ ಮೇಲೆ ಒಬ್ಬರು. ನಮ್ಮ ಬೀದಿಗೆ ಸಿಸಿ ರಸ್ತೆ. ನಮ್ಮ ದೇವಸ್ಥಾನದ ಮುಂದೆ ಹೈಮಾಸ್ಟ್ ಲೈಟು. ನಮ್ಮವರಿಗೆ ಸಮುದಾಯ ಭವನ (ಪ್ರತಿ ಜಾತಿಗೂ ಒಂದೊಂದು, ಊರಲ್ಲಿ ಮದುವೆಗಳು ನಡೆಯೋದು ಮಾತ್ರ ತಾಲ್ಲೂಕಿನ ಛತ್ರದಲ್ಲಿ). ಬಸ್ ಸ್ಟ್ಯಾಂಡಿಗೆ ತಂಗುದಾಣ. ಪಿಡಿಓ ಮೇಡಂ ಬರೆದುಕೊಳ್ಳುತ್ತಾ ಹೋಗುತ್ತಾರೆ. ಒಂದು ಸಲ ಒಬ್ಬ ಹೆಂಗಸು ಎದ್ದು "ಮೇಡಮ್ಮೋರೆ, ಟ್ಯಾಂಕು ತೊಳೆದು ಎಷ್ಟು ದಿನ ಆಯ್ತು?" ಅಂತ ಕೇಳಿದರು. ಹಿಂದಿನಿಂದ ಯಾರೋ "ಅದೆಲ್ಲ ಆಮೇಲೆ, ಮೊದಲು ರಸ್ತೆ ಬರಕೊಳ್ಳಲಿ ಕೂತ್ಕೊಳಮ್ಮ" ಅಂದರು. ಕೂತರು. ಅವತ್ತಿನ ಇಡೀ ಸಭೆಯಲ್ಲಿ ಕೇಳಬೇಕಾದ ಪ್ರಶ್ನೆ ಅಂತ ಇದ್ದದ್ದು ಅದೊಂದೇ, ನನ್ನ ಪ್ರಕಾರ.

ಯಾಕೆ ಹೀಗಂತೀನಿ ಅಂದರೆ, 2023ರ ಆಗಸ್ಟಿನಲ್ಲಿ ಚಿತ್ರದುರ್ಗ ನಗರಸಭೆ ವ್ಯಾಪ್ತಿಯ ಕವಾಡಿಗರಹಟ್ಟಿಯಲ್ಲಿ ಏನಾಯ್ತು ನೆನಪಿದೆಯಾ? ಕುಡಿಯುವ ನೀರು ಕೆಟ್ಟು ನೂರಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು, ಕೆಲವರು ವಾಪಸು ಬರಲೇ ಇಲ್ಲ. ಅದು ಕಾಡಿನ ಅಂಚಿನ ಕುಗ್ರಾಮವಲ್ಲ, ಜಿಲ್ಲಾ ಕೇಂದ್ರದ ಒಂದು ಬಡಾವಣೆ. ಟ್ಯಾಂಕ್ ತೊಳೆಯೋದು, ಕ್ಲೋರಿನ್ ಹಾಕೋದು, ಚರಂಡಿ ಪಕ್ಕದ ಪೈಪ್ ಸೋರುತ್ತಾ ನೋಡೋದು... ಇವು ಅಭಿವೃದ್ಧಿ ಕಾಮಗಾರಿಗಳ ಪಟ್ಟಿಯಲ್ಲಿ ಬರಲ್ಲ. ಇವು ಪ್ರಾಣದ ಪ್ರಶ್ನೆ ಅಂತ ಗೊತ್ತಾಗೋದು ಹೀಗೆ ಪ್ರಾಣ ಹೋದಾಗ ಮಾತ್ರ. ಎಲ್ಲಾದರೂ ಇಂಥದ್ದು ಆದಾಗ ಅಮಾನತಿನ ಆದೇಶ ಎಷ್ಟು ಬೇಗ ಹೊರಡುತ್ತೆ ಅಂತ ಗಮನಿಸಿ. ಕ್ಲೋರಿನ್ ಖರೀದಿಯ ಆದೇಶ ಅಷ್ಟು ಬೇಗ ಹೊರಟಿದ್ದರೆ!

ಪಿಡಿಓಗಳ ಬಗ್ಗೆಯೂ ಎರಡು ಮಾತು ಹೇಳಲೇಬೇಕು, ಯಾಕಂದರೆ ಅವರನ್ನು ಬೈಯೋದು ನಮ್ಮಲ್ಲಿ ಒಂದು ಮನರಂಜನೆ ಆಗಿಬಿಟ್ಟಿದೆ. ಮನೆ ಖಾತೆ, ಇ-ಸ್ವತ್ತು, ತೆರಿಗೆ, ವಸತಿ ಯೋಜನೆ ಫಲಾನುಭವಿಗಳ ಪಟ್ಟಿ, ಉದ್ಯೋಗ ಖಾತ್ರಿ ಕೆಲಸ, ಸರ್ವೆ, ಚುನಾವಣೆ ಡ್ಯೂಟಿ, ಮೇಲಿನವರ ವಿಡಿಯೋ ಕಾನ್ಫರೆನ್ಸು... ಎಷ್ಟೋ ಕಡೆ ಒಬ್ಬರಿಗೇ ಎರಡೆರಡು ಪಂಚಾಯ್ತಿ. 2024ರ ಅಕ್ಟೋಬರಿನಲ್ಲಿ ಪಿಡಿಓಗಳು, ಪಂಚಾಯ್ತಿ ನೌಕರರು, ಸದಸ್ಯರು ಎಲ್ಲ ಒಟ್ಟಿಗೆ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಧರಣಿ ಕೂತರು. ಪೇಟೆಯವರಿಗೆ ಅದೊಂದು ಟ್ರಾಫಿಕ್ ಸುದ್ದಿ. ಹಳ್ಳಿಗಳಲ್ಲಿ ಕಚೇರಿಯ ಬಾಗಿಲೇ ಮುಚ್ಚಿತ್ತು.

ಹೋದ ಬೇಸಿಗೆಯಲ್ಲಿ ನಮ್ಮೂರ ಮೋಟ್ರು ಸುಟ್ಟು ಹನ್ನೊಂದು ದಿನ ನೀರಿರಲಿಲ್ಲ. ಪಂಚಾಯ್ತಿಯವರು ತಾಲ್ಲೂಕಿನ ಕಡೆ ಕೈ ತೋರಿಸಿದರು, ತಾಲ್ಲೂಕಿನವರು ಎಂಜಿನಿಯರ್ ಕಡೆ, ಎಂಜಿನಿಯರ್ ರಜದ ಮೇಲಿದ್ದರು. ಮೊದಲಾಗಿದ್ದರೆ ತಾಲ್ಲೂಕು ಪಂಚಾಯ್ತಿ ಸದಸ್ಯನ ಮನೆ ಬಾಗಿಲಿಗೆ ಹೋಗಿ ಕೂಗಾಡಬಹುದಿತ್ತು. ಆದರೆ ತಾಲ್ಲೂಕು, ಜಿಲ್ಲಾ ಪಂಚಾಯ್ತಿಗಳ ಅವಧಿ ಮುಗಿದದ್ದು 2021ರಲ್ಲಿ, ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಚುನಾಯಿತ ಸಂಸ್ಥೆಗಳಿಗೆ ಮಾತ್ರ ದುಡ್ಡು ಅಂತ ಹಣಕಾಸು ಆಯೋಗದ ಷರತ್ತು ಬೇರೆ. ಮೀಸಲಾತಿ ಪಟ್ಟಿ, ಕ್ಷೇತ್ರ ವಿಂಗಡಣೆ, ಕೋರ್ಟು ಅಂತ ಏನೇ ಕಾರಣ ಹೇಳಲಿ, ವಿಧಾನಸಭೆ ಚುನಾವಣೆಯನ್ನು ಹೀಗೆ ಬಿಟ್ಟಿರುತ್ತಿದ್ದರಾ? 73ನೇ ತಿದ್ದುಪಡಿ 1993ರ ಏಪ್ರಿಲ್ 24ರಂದು ಜಾರಿಗೆ ಬಂದಾಗ ಐದು ವರ್ಷಕ್ಕೊಮ್ಮೆ ಚುನಾವಣೆ ಅಂತ ಸಂವಿಧಾನದಲ್ಲೇ ಬರೆದರು. ಹಾಗೆ ಬರೆದದ್ದು ಇಂಥ ಸೋಮಾರಿತನಕ್ಕೆ ಔಷಧಿ ಅಂತಲೇ.

ನಮ್ಮ ರಾಜ್ಯ ಈ ವಿಷಯದಲ್ಲಿ ದೇಶಕ್ಕೇ ಮಾದರಿ ಆಗಿತ್ತು ಅನ್ನೋದು ಇನ್ನೂ ಬೇಜಾರು. ಅಬ್ದುಲ್ ನಜೀರ್ ಸಾಬ್ ನೆನಪಿರಬೇಕು ನಿಮಗೆ. ರಾಮಕೃಷ್ಣ ಹೆಗಡೆ ಸರ್ಕಾರದಲ್ಲಿ ಗ್ರಾಮೀಣಾಭಿವೃದ್ಧಿ ಮಂತ್ರಿ. 1983ರ ಪಂಚಾಯ್ತಿ ಕಾಯ್ದೆಯ ಹಿಂದೆ ಇದ್ದವರು. ಅದರ ಪ್ರಕಾರ 1987ರಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯ್ತಿ ಚುನಾವಣೆ ಆಯ್ತು, ಮರುವರ್ಷ ಅವರು ತೀರಿಕೊಂಡರು. ಕಾಯ್ದೆ ಮಾಡಿದ್ದಕ್ಕೆ ಜನ ಅವರನ್ನು ನೆನೆಯೋದು ಕಡಿಮೆ. ಊರೂರಿಗೆ ಬೋರ್‌ವೆಲ್ ಹಾಕಿಸಿದ್ದಕ್ಕೆ 'ನೀರ್ ಸಾಬ್' ಅಂತ ಹೆಸರಿಟ್ಟರು. ಒಬ್ಬ ಮಂತ್ರಿಗೆ ಜನ ಇಟ್ಟ ಇದಕ್ಕಿಂತ ಒಳ್ಳೇ ಹೆಸರು ನನಗೆ ಗೊತ್ತಿಲ್ಲ. ಆ ಕಾಲದ ಬೋರಿನ ಮೇಲೆ ಕೂರುತ್ತಿದ್ದದ್ದು ಕೈಪಂಪು. ಕರೆಂಟ್ ಬೇಡ, ಪ್ಯಾನಲ್ ಬೋರ್ಡ್ ಬೇಡ, ನಡೆಸೋಕೆ ಆಳು ಬೇಡ, ಕೆಟ್ಟರೆ ಸ್ಪ್ಯಾನರ್ ಹಿಡಿದ ಮೆಕ್ಯಾನಿಕ್ ಸಾಕು. ಈಗಿನ ವ್ಯವಸ್ಥೆ ಅದಕ್ಕಿಂತ ಸಾವಿರ ಪಾಲು ಅನುಕೂಲ, ಸಾವಿರ ಪಾಲು ನಾಜೂಕು ಕೂಡ. ನಾಜೂಕಾದ್ದನ್ನು ತಂದ ಮೇಲೆ ನೋಡಿಕೊಳ್ಳುವವರನ್ನೂ ತರಬೇಕಲ್ಲ?

ನನ್ನ ಅಭಿಪ್ರಾಯ ಇಷ್ಟು. ಹೊಸ ಟ್ಯಾಂಕೋ, ಪೈಪ್‌ಲೈನೋ, ನೀರಿನ ಘಟಕವೋ, ಯಾವುದೇ ಆಗಲಿ, ಎಸ್ಟಿಮೇಟಿನ ಪಕ್ಕದಲ್ಲೇ ಇನ್ನೊಂದು ಹಾಳೆ ಇರಬೇಕು. ಇದನ್ನು ನಡೆಸೋಕೆ ವರ್ಷಕ್ಕೆ ಎಷ್ಟು ಖರ್ಚು, ಅದು ಯಾವ ಬಾಬ್ತಿನಿಂದ, ನೋಡಿಕೊಳ್ಳುವವರು ಯಾರು. ಆ ಹಾಳೆಯನ್ನು ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಬೇಕು. ಹಾಳೆ ಇಲ್ಲ ಅಂದರೆ ಕಾಮಗಾರಿಯೂ ಇಲ್ಲ. ನೀರುಗಂಟಿಯ ಸಂಬಳವನ್ನು ಬಿಲ್ ಕಲೆಕ್ಟರನ ವಸೂಲಿಗೆ ಗಂಟು ಹಾಕಿರೋದನ್ನು ಬಿಡಿಸಬೇಕು. ಮೇಷ್ಟ್ರ ಸಂಬಳ ಶಾಲೆಯ ಫೀಸಿನ ಮೇಲೆ ನಿಂತಿಲ್ಲ ತಾನೆ?

ಹಾಗೇ ನೀರಿನ ಕಂದಾಯ ಕಟ್ಟಬೇಕು. ಇದನ್ನು ಹೇಳಿದರೆ ಊರಲ್ಲಿ ನನಗೆ ಪೆಟ್ಟು ಬೀಳಬಹುದು. ತಿಂಗಳಿಗೆ ಮೊಬೈಲಿಗೆ ಮುನ್ನೂರು ಹಾಕಿಸುವ ಮನೆಗೆ ನೀರಿಗೆ ಐವತ್ತು ಭಾರ ಅಂದರೆ ನಾನು ಒಪ್ಪಲ್ಲ. ನಿಜವಾಗಿ ಕಟ್ಟಲಾಗದ ಮನೆಗಳು ಇವೆ, ಅವು ಯಾವುವು ಅಂತ ಊರಿಗೆಲ್ಲ ಗೊತ್ತು. ಬಾಕಿ ಪಟ್ಟಿಯ ಮೇಲ್ಭಾಗದಲ್ಲಿರೋದು ಅವಲ್ಲ.

ವರ್ಷಕ್ಕೊಮ್ಮೆ, ಆಗಸ್ಟ್ 16ರಿಂದ ಸೆಪ್ಟೆಂಬರ್ 15ರೊಳಗೆ, ಪ್ರತಿ ಗ್ರಾಮ ಪಂಚಾಯ್ತಿಯಲ್ಲೂ ಜಮಾಬಂದಿ ಆಗಬೇಕು. ಹಿಂದಿನ ವರ್ಷದ ಲೆಕ್ಕ, ಕಾಮಗಾರಿ ಎಲ್ಲಾ ಜನರ ಮುಂದೆ ಇಡಬೇಕು ಅಂತ ನಿಯಮ. ಹೆಚ್ಚಿನ ಕಡೆ ನಾಲ್ಕು ಜನ ಸಹಿ ಹಾಕಿ, ಕಾಫಿ ಕುಡಿದು ಮುಗಿಸ್ತಾರೆ. ನಾನು ಈ ಸಲ ಊರಿಗೆ ಹೋಗೋನಿದ್ದೀನಿ. ಅರ್ಜಿ ಆಗಲೇ ಬರೆದಿಟ್ಟಿದ್ದೀನಿ, ಎರಡೇ ಸಾಲು: ಕಳೆದ ವರ್ಷ ನೀರಿಗೆ ಅಂತ ಬಂದ ದುಡ್ಡೆಷ್ಟು, ಅದರಲ್ಲಿ ರಿಪೇರಿಗೆ ಹೋದದ್ದೆಷ್ಟು. ನೀರುಗಂಟಿಗೆ ಎಷ್ಟು ತಿಂಗಳ ಸಂಬಳ ಬಾಕಿ ಇದೆ.

ಅಣ್ಣನಿಗೆ ವಿಷಯ ಹೇಳಿದೆ. "ನನ್ನ ಹೆಸರು ಬರೀಬ್ಯಾಡ ಕಣಪ್ಪ" ಅಂದ. ಬರೆದಿಲ್ಲ.

ನಿಮ್ಮೂರಲ್ಲಿ ನೀರು ಬಿಡೋರು ಯಾರು, ಅವರಿಗೆ ಸಂಬಳ ಎಲ್ಲಿಂದ, ಕಂದಾಯ ಎಷ್ಟು, ವಸೂಲಿ ಹೇಗಿದೆ? ಸರಿಯಾಗಿ ನಡೀತಿರೋ ಪಂಚಾಯ್ತಿ ಗೊತ್ತಿದ್ದರೆ ಖಂಡಿತ ತಿಳಿಸಿ. ಅವರು ಹೇಗೆ ಲೆಕ್ಕ ಕೂಡಿಸ್ತಾರೆ ಅನ್ನೋದನ್ನ ನಮ್ಮ ಪಿಡಿಓ ಮೇಡಂಗೂ ತೋರಿಸೋಣ ಅಂತಿದ್ದೀನಿ.